ಹಳೆಯ ಕ್ಷೌರದ ಕತ್ತಿ: ಒಂದು ಕಡೆ ಹರಿತ, ಇನ್ನೊಂದು ಕಡೆ ಮೊಂಡು ಯಾಕೆ?

ಹಿರಿಯರ ಪೆಟ್ಟಿಗೆಯಲ್ಲಿ ಸಿಕ್ಕಿತೋ, ಹಳೇ ಸಾಮಾನಿನ ರಾಶಿಯಲ್ಲಿ ಆರಿಸಿ ಕೊಂಡಿರೋ, ಅಂತೂ ಮಡಚುವ ಕ್ಷೌರದ ಕತ್ತಿಯೊಂದು ಕೈಗೆ ಬಂತು. ತುಕ್ಕು ಒರೆಸಿದಿರಿ. ಸಾಣೆಕಲ್ಲಿನ ಮೇಲೆ ಅರ್ಧ ಗಂಟೆ ಮಸೆದಿರಿ. ತುದಿಯ ಹತ್ತಿರ ಕೈಮೇಲಿನ ಕೂದಲು ಸಲೀಸಾಗಿ ಹಾರುತ್ತದೆ. ಹಿಡಿಯ ಹತ್ತಿರ ಮಾತ್ರ ಎಷ್ಟು ಮಸೆದರೂ ಮೊಂಡು. ಇನ್ನಷ್ಟು ಒತ್ತಿ ಮಸೆಯುತ್ತೀರಿ. ತುದಿ ಇನ್ನೂ ಸವೆಯುತ್ತದೆ, ಹಿಡಿಯ ಕಡೆ ಹಾಗೇ ಉಳಿಯುತ್ತದೆ.

ನನ್ನ ಮೊದಲ ಕತ್ತಿಯ ಕಥೆಯೂ ಇದೇ. ತಪ್ಪು ಕಲ್ಲಿನದ್ದು ಅಂದುಕೊಂಡು ಮೂರು ಕಲ್ಲು ಬದಲಿಸಿದೆ. ಅಸಲಿಗೆ ಆ ಅಲಗು ಕಲ್ಲಿನ ಮೇಲೆ ಪೂರ್ತಿ ಕೂರುತ್ತಲೇ ಇರಲಿಲ್ಲ. ಒಂದು ಕಾಲು ಗಿಡ್ಡವಾದ ಕುರ್ಚಿಯನ್ನು ಯಾವ ನೆಲದ ಮೇಲಿಟ್ಟರೂ ಅದು ಅಲ್ಲಾಡುತ್ತದೆ, ಅಲ್ವಾ? ಹಾಗೇ.

ಇದಕ್ಕೆ ಕಾರಣ ಅಲಗಿನ ಅಂಕುಡೊಂಕು ಸವೆತ. ಅದನ್ನು ಸರಿಮಾಡಬಹುದು. ಆದರೆ ಸರಿಮಾಡುವುದು ಎಂದರೆ ಉಕ್ಕನ್ನು ತೆಗೆಯುವುದು. ತೆಗೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಹಾಗಾಗಿ ಕಲ್ಲು ಮುಟ್ಟುವ ಮೊದಲು ಕತ್ತಿ ಹೇಗೆ ಕೆಲಸ ಮಾಡುತ್ತದೆ ಅಂತ ಅರ್ಥಮಾಡಿಕೊಳ್ಳಬೇಕು.

ಮೊದಲು ಭಾಗಗಳ ಹೆಸರು

ಕತ್ತರಿಸುವ ಗೆರೆ ಅಂಚು. ಅದರ ಎದುರಿಗಿರುವ ದಪ್ಪ ಭಾಗ ಬೆನ್ನು. ಅಂಚಿನ ಹೊರತುದಿಯನ್ನು ತುದಿ ಎನ್ನೋಣ. ಹಿಡಿಯ ಕಡೆಯ ಮೂಲೆಯನ್ನು ಹಿಮ್ಮಡಿ ಎನ್ನೋಣ. ಹಿಮ್ಮಡಿ ದಾಟಿದ ಮೇಲೆ ಅಲಗು ದಪ್ಪಗಾಗಿ ಹಿಡಿಯೊಳಗೆ ಹೋಗುತ್ತದೆ. ಆ ದಪ್ಪಗಾಗುವ ಜಾಗ ಭುಜ. ಈ ಭುಜವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಕಾಟ ಕೊಡುವುದು ಅದೇ.

ಅಂಚಿನ ಎರಡೂ ಬದಿಯಲ್ಲಿ ಕಲ್ಲು ತಾಗಿ ಹೊಳೆಯುವ ಸಣ್ಣ ಪಟ್ಟೆ ಕಾಣುತ್ತದಲ್ಲ, ಅದು ಬೆವೆಲ್. ಒಳ್ಳೆಯ ಕತ್ತಿಯಲ್ಲಿ ಅದು ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಗಲ ಇರಬಹುದು. ಎರಡು ಬದಿಯ ಬೆವೆಲ್‌ಗಳು ಸೇರುವ ಗೆರೆಯೇ ಅಂಚು. ಅವು ಸರಿಯಾಗಿ ಸೇರಿದರೆ ಹರಿತ, ಸೇರದಿದ್ದರೆ ಮೊಂಡು.

ಹಳೆಯ ಕತ್ತಿಗಳ ಅಲಗು ಎರಡು ಬಗೆ. ಒಂದು ಬಗೆ ಬೆಣೆಯಂತೆ ಗಟ್ಟಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮೊದಮೊದಲು ಮಾಡಿದವು ಹೆಚ್ಚಾಗಿ ಹೀಗಿದ್ದವು. ಇನ್ನೊಂದರ ಎರಡೂ ಮೈಯನ್ನು ಒಳಕ್ಕೆ ಕುಳಿ ಬೀಳುವಂತೆ ಅರೆದು ತೆಳ್ಳಗೆ ಮಾಡಿರುತ್ತಾರೆ. ಇದು ಹಾಲೋ ಗ್ರೈಂಡ್. ಜರ್ಮನಿಯ ಜೋಲಿಂಗೆನ್ ಊರು ಹೆಸರಾಗಿದ್ದು ಈ ಬಗೆಯ ಕೆಲಸಕ್ಕೆ. ಬೆಣೆಯಾಕಾರದ ಅಲಗಿನಲ್ಲಿ ಬೆವೆಲ್ ಅಗಲವಾಗಿ ಕಾಣುವುದು ಸಹಜ. ತೆಳು ಅಲಗಿನಲ್ಲಿ ಅದೇ ಅಗಲ ಕಂಡರೆ ಯಾರೋ ಜಾಸ್ತಿ ಮಸೆದಿದ್ದಾರೆ ಅಂತ ಅರ್ಥ.

ಬೆನ್ನೇ ಅಳತೆಗೋಲು

ಅಡುಗೆಮನೆಯ ಚಾಕು ಮಸೆಯುವಾಗ ಕೋನವನ್ನು ಕೈಯಲ್ಲೇ ಹಿಡಿಯಬೇಕು. ಕ್ಷೌರದ ಕತ್ತಿಯಲ್ಲಿ ಆ ತಲೆನೋವಿಲ್ಲ. ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತೇವೆ. ಬೆನ್ನೂ ಅಂಚೂ ಒಟ್ಟಿಗೆ ತಾಗುತ್ತವೆ. ಬೆನ್ನು ಎಷ್ಟು ದಪ್ಪ, ಅಲಗು ಎಷ್ಟು ಅಗಲ ಎಂಬುದರ ಮೇಲೆ ಕೋನ ತಾನಾಗಿ ನಿಲ್ಲುತ್ತದೆ.

ಲೆಕ್ಕ ನೋಡಿ. ಬೆನ್ನು 5 ಮಿ.ಮೀ. ದಪ್ಪ, ಅಲಗು 16 ಮಿ.ಮೀ. ಅಗಲ ಇದ್ದರೆ ಅಂಚಿನ ಕೋನ ಸುಮಾರು 18 ಡಿಗ್ರಿ. ಹೆಚ್ಚಿನ ಕತ್ತಿಗಳು 16ರಿಂದ 19 ಡಿಗ್ರಿಯ ನಡುವೆ ಬರುತ್ತವೆ. ಬೆನ್ನು ಮಾತ್ರ 4 ಮಿ.ಮೀ.ಗೆ ಸವೆದರೆ ಕೋನ 14 ಡಿಗ್ರಿ ಚಿಲ್ಲರೆಗೆ ಇಳಿಯುತ್ತದೆ. ಅಂಚು ತೀರಾ ತೆಳುವಾಗಿ ಬೇಗ ಚಕ್ಕೆ ಏಳುತ್ತದೆ. ಬೆನ್ನು ಹಾಗೇ ಇದ್ದು ಅಗಲ 14 ಮಿ.ಮೀ.ಗೆ ಬಂದರೆ ಕೋನ 20 ಡಿಗ್ರಿ ದಾಟುತ್ತದೆ. ಆಗ ಎಷ್ಟು ಮಸೆದರೂ ಕೂದಲನ್ನು ಸ್ವಲ್ಪ ಎಳೆದಂತೆ ಅನಿಸುತ್ತದೆ.

ಎರಡೂ ಒಟ್ಟಿಗೆ ಸವೆದರೆ? ಬೆನ್ನು 4.4, ಅಗಲ 14.1 ಅಂದುಕೊಳ್ಳಿ. ಮತ್ತೆ 18 ಡಿಗ್ರಿಯೇ. ಈ ಕತ್ತಿಯ ಜಾಣತನ ಇರುವುದೇ ಇಲ್ಲಿ. ಸರಿಯಾಗಿ ಮಸೆದರೆ ಬೆನ್ನೂ ಅಂಚೂ ಜೊತೆಜೊತೆಯಾಗಿ ಸವೆಯುತ್ತವೆ, ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬೆನ್ನಿನ ಎರಡೂ ಬದಿಯಲ್ಲಿ ಕಾಣುವ ಚಪ್ಪಟೆ ಹೊಳಪು ಪಟ್ಟೆಗಳು ಕತ್ತಿ ಹಾಳಾದ ಗುರುತಲ್ಲ, ಕಲ್ಲಿನ ಮೇಲೆ ಸರಿಯಾಗಿ ಮಲಗಿದ್ದರ ಗುರುತು. ತೊಂದರೆ ಶುರುವಾಗುವುದು ಆ ಜೋಡಿ ತಪ್ಪಿದಾಗ.

ಸವೆತ ಎಲ್ಲಿಂದ ಬರುತ್ತದೆ?

ಗಡ್ಡದಿಂದ ಅಲ್ಲ. ಕೂದಲು ಅಂಚನ್ನು ಮೊಂಡು ಮಾಡುವುದು ನಿಜ. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಬ್ಲೇಡಿನಿಂದ ಸಣ್ಣ ಚಕ್ಕೆ ಎಬ್ಬಿಸಬಲ್ಲದು ಅಂತ 2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ತೋರಿಸಿದ್ದಾರೆ. ಆದರೆ ಅದೆಲ್ಲ ಮೈಕ್ರಾನ್ ಲೆಕ್ಕದ ಹಾನಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಣ್ಣಿಗೆ ಕಾಣುವಷ್ಟು ಸವೆತಕ್ಕೆ ಕಲ್ಲೇ ಕಾರಣ. ಕಲ್ಲು ಹಿಡಿದ ಕೈ ಕಾರಣ.

ಜಿಲೆಟ್ ಕಂಪನಿಯ ಸೇಫ್ಟಿ ರೇಜರ್ ಮಾರಾಟಕ್ಕೆ ಬಂದದ್ದು 1903ರಲ್ಲಿ. ಅದಕ್ಕೆ ಮುಂಚೆ, ಆಮೇಲೆ ಎಷ್ಟೋ ವರ್ಷಗಳವರೆಗೂ, ಒಂದೇ ಕತ್ತಿ ದಶಕಗಟ್ಟಲೆ ದುಡಿಯುತ್ತಿತ್ತು. ಎಷ್ಟೋ ಮಂದಿ ಅಂಗೈ ಅಗಲದ ಕಲ್ಲಿನ ಮೇಲೆ ತಾವೇ ಮಸೆದುಕೊಳ್ಳುತ್ತಿದ್ದರು. ಪ್ರತಿಯೊಬ್ಬರ ಕೈಗೂ ಒಂದು ಅಭ್ಯಾಸ ಇರುತ್ತದೆ. ಕೆಲವರು ನಡುವೆ ಬೆರಳಿಟ್ಟು ಒತ್ತುತ್ತಾರೆ. ಕೆಲವರು ತುದಿಯ ಮೇಲೆ ಭಾರ ಹಾಕುತ್ತಾರೆ. ಚಪ್ಪಲಿ ಒಬ್ಬೊಬ್ಬರ ಕಾಲಿಗೆ ಒಂದೊಂದು ಕಡೆ ಸವೆಯುತ್ತದಲ್ಲ, ಅದೇ ರೀತಿ. ನೀವು ಹಿಡಿದಿರುವ ಕತ್ತಿಯಲ್ಲಿ ಯಾರೋ ಒಬ್ಬರ ಮೂವತ್ತು ವರ್ಷಗಳ ಕೈಚಾಳಿ ಅಚ್ಚಾಗಿರಬಹುದು.

ಕಲ್ಲಿನ ಆಕಾರವೂ ಅಲಗಿಗೆ ಇಳಿಯುತ್ತದೆ. ನಡುವೆ ತಗ್ಗಾದ ಕಲ್ಲು ಅಲಗಿನ ಎರಡು ತುದಿಗಳನ್ನು ಜಾಸ್ತಿ ತಿನ್ನುತ್ತದೆ. ನಡುವೆ ಉಬ್ಬಿದ ಕಲ್ಲು ಅಲಗಿನ ನಡುವನ್ನು ತಿನ್ನುತ್ತದೆ.

ಭುಜದ ಕಾಟ ಬೇರೆಯದು. ಅಂಚು ಸವೆದಂತೆಲ್ಲ ಹಿಮ್ಮಡಿ ಭುಜದ ಕಡೆಗೆ ಹತ್ತಿರವಾಗುತ್ತದೆ. ಒಂದು ದಿನ ದಪ್ಪನೆಯ ಭುಜವೇ ಕಲ್ಲಿನ ಮೇಲೆ ಹತ್ತಿ ಕೂರುತ್ತದೆ. ಆಗ ಹಿಮ್ಮಡಿಯ ಕಡೆ ಅಲಗು ಮೇಲೆದ್ದು, ತುದಿ ಒಂದೇ ಕಲ್ಲಿಗೆ ತಾಗುತ್ತದೆ. ಮೊದಲು ಹೇಳಿದ ‘ತುದಿ ಹರಿತ, ಹಿಡಿಯ ಕಡೆ ಮೊಂಡು’ ಕಾಯಿಲೆಗೆ ಬಹಳ ಸಲ ಇದೇ ಮೂಲ.

ಇನ್ನು ಕೆಲವು ಕತ್ತಿಗಳು ಹುಟ್ಟುತ್ತಲೇ ಸ್ವಲ್ಪ ಬಾಗಿರುತ್ತವೆ. ಕಾಯಿಸಿದ ಉಕ್ಕನ್ನು ಎಣ್ಣೆಯಲ್ಲೋ ನೀರಲ್ಲೋ ಅದ್ದಿ ಗಟ್ಟಿ ಮಾಡುವಾಗ ತೆಳು ಅಲಗು ಒಂಚೂರು ಸೊಟ್ಟಗಾಗುವುದು ಇದೆ. ಅದಕ್ಕೆ ಹಳೆಯ ಮಾಲೀಕನನ್ನು ಬಯ್ದು ಪ್ರಯೋಜನವಿಲ್ಲ.

ಕಣ್ಣಿಗೆ ಸೊಟ್ಟ ಕಂಡದ್ದೆಲ್ಲ ದೋಷವಲ್ಲ

ಹೊಸಬರು ಎಡವುವುದು ಇಲ್ಲಿಯೇ. ಬೆವೆಲ್ ತುದಿಯಲ್ಲಿ ಅಗಲ, ಹಿಮ್ಮಡಿಯಲ್ಲಿ ಕಿರಿದು. ನೋಡಿದರೆ ಮನಸ್ಸಿಗೆ ಕಿರಿಕಿರಿ. ಸಮ ಮಾಡೋಣ ಅಂತ ಕಲ್ಲು ಹಿಡಿಯುತ್ತಾರೆ.

ಸ್ವಲ್ಪ ನಿಲ್ಲಿ. ಕಲ್ಲು ಸಮತಟ್ಟಾಗಿದ್ದರೆ ಎರಡೂ ಬದಿಯ ಬೆವೆಲ್‌ಗಳು ಸಮತಟ್ಟು. ಎರಡು ಸಮತಟ್ಟು ಮೈಗಳು ಸೇರುವ ಗೆರೆ ಯಾವಾಗಲೂ ನೇರವೇ. ಪುಸ್ತಕವನ್ನು ಅರ್ಧ ತೆರೆದು ನಿಲ್ಲಿಸಿದರೆ ಎರಡು ರಟ್ಟುಗಳು ಸೇರುವ ಬೆನ್ನು ನೇರವಾಗಿರುತ್ತದೆ. ಒಂದು ರಟ್ಟು ಅಗಲ, ಇನ್ನೊಂದು ಕಿರಿದಾದರೂ ಅದು ಬದಲಾಗುವುದಿಲ್ಲ. ಹಾಗೇ ಬೆವೆಲ್‌ನ ಅಗಲ ಏರುಪೇರಾಗಿದ್ದರೂ ಅಂಚು ನೇರವಾಗಿರಬಹುದು, ಪೂರ್ತಿ ಉದ್ದಕ್ಕೂ ಹರಿತವಾಗಿರಬಹುದು. ಅಲಗನ್ನು ಮಾಡುವಾಗ ಒಂದು ಕಡೆ ಸ್ವಲ್ಪ ದಪ್ಪ ಬಿಟ್ಟಿದ್ದರೂ ಬೆವೆಲ್ ಅಲ್ಲಿ ಅಗಲ ಕಾಣುತ್ತದೆ. ಅದು ಬರೀ ನೋಟದ ವಿಷಯ. ಗಡ್ಡಕ್ಕೆ ಅದು ಗೊತ್ತಾಗುವುದಿಲ್ಲ.

‘ನಗು’ ಕೂಡ ಅಂಥದ್ದೇ. ಅಂಚನ್ನು ಕೆಳಗೆ ಮಾಡಿ ಹಿಡಿದಾಗ ನಡುಭಾಗ ಸ್ವಲ್ಪ ಕೆಳಕ್ಕೆ ಉಬ್ಬಿ ನಗುವ ತುಟಿಯಂತೆ ಕಂಡರೆ ಅದನ್ನು ಸ್ಮೈಲ್ ಎನ್ನುತ್ತಾರೆ. ಹಳೆಯ ಶೆಫೀಲ್ಡ್ ಕತ್ತಿಗಳಲ್ಲಿ ಇದನ್ನು ಬೇಕೆಂದೇ ಮಾಡಿರುವುದು ಉಂಟು. ಬೆನ್ನೂ ಅದೇ ಬಳುಕಿನಲ್ಲಿ ಬಾಗಿದ್ದರೆ ಅನುಮಾನವೇ ಬೇಡ, ಅದು ಮಾಡಿದವರ ವಿನ್ಯಾಸ. ಅದನ್ನು ನೇರ ಮಾಡುವುದು ಎಂದರೆ ಒಳ್ಳೆಯ ಉಕ್ಕನ್ನು ಸುಮ್ನೆ ಪುಡಿ ಮಾಡುವುದು. ಮಸೆಯುವಾಗ ಹಿಮ್ಮಡಿಯಿಂದ ಶುರುಮಾಡಿ, ಕೈಯನ್ನು ಮೆಲ್ಲಗೆ ಹೊರಳಿಸುತ್ತ, ತುದಿಯಲ್ಲಿ ಮುಗಿಸಿದರೆ ಆಯಿತು. ಅಂಚಿನ ಒಂದೊಂದು ಭಾಗವೂ ಸರದಿಯಲ್ಲಿ ಕಲ್ಲನ್ನು ತಾಗುತ್ತದೆ.

‘ಗಂಟುಮೋರೆ’ ಮಾತ್ರ ನಿಜವಾದ ದೋಷ. ಅಂಚಿನ ನಡುಭಾಗ ಬೆನ್ನಿನ ಕಡೆಗೆ ತಗ್ಗಿ, ತುದಿ ಮತ್ತು ಹಿಮ್ಮಡಿ ಕೆಳಕ್ಕೆ ಚಾಚಿರುತ್ತವೆ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಚರ್ಮದ ಮೇಲೆ ಎರಡು ಮೂಲೆಗಳು ಮೊದಲು ತಾಗುವುದರಿಂದ ಗಾಯದ ಭಯವೂ ಜಾಸ್ತಿ.

ಶಾಯಿ ಹಚ್ಚಿ ನೋಡಿ

ರೋಗ ಯಾವುದು ಅಂತ ತಿಳಿಯಲು ದೊಡ್ಡ ಯಂತ್ರ ಬೇಡ. ಒಂದು ಮಾರ್ಕರ್ ಪೆನ್ ಸಾಕು. ಎರಡೂ ಬದಿಯ ಬೆವೆಲ್‌ಗೆ, ಬೆನ್ನಿನ ಪಟ್ಟೆಗೆ, ಭುಜಕ್ಕೆ ಕಪ್ಪು ಶಾಯಿ ಬಳಿಯಿರಿ. ಒಣಗಲಿ. ಸಮತಟ್ಟಾದ ನುಣುಪು ಕಲ್ಲಿನ ಮೇಲೆ ಒಂದೊಂದು ಬದಿಗೆ ಎರಡೇ ಎರಡು ಸಲ, ಅಲಗಿನ ಭಾರ ಮಾತ್ರ ಬೀಳುವಂತೆ ಎಳೆಯಿರಿ. ಶಾಯಿ ಹೋದ ಕಡೆ ಕಲ್ಲು ತಾಗಿದೆ. ಉಳಿದ ಕಡೆ ತಾಗಿಲ್ಲ. ಇಷ್ಟೇ ಪರೀಕ್ಷೆ, ಆದರೆ ಬೇಕಾದ್ದೆಲ್ಲ ಇದರಲ್ಲಿ ತಿಳಿಯುತ್ತದೆ.

ಎರಡೂ ಬದಿಯಲ್ಲಿ ನಡುವೆ ಶಾಯಿ ಉಳಿದರೆ ಗಂಟುಮೋರೆ.

ಎರಡೂ ಬದಿಯಲ್ಲಿ ತುದಿ ಮತ್ತು ಹಿಮ್ಮಡಿಯ ಹತ್ತಿರ ಉಳಿದು ನಡುವೆ ಹೋದರೆ ನಗು.

ಒಂದು ಬದಿಯಲ್ಲಿ ನಡುವೆ ಉಳಿದು, ಇನ್ನೊಂದು ಬದಿಯಲ್ಲಿ ಎರಡು ಕೊನೆಗಳಲ್ಲಿ ಉಳಿದರೆ ಅಲಗು ಬಿಲ್ಲಿನಂತೆ ಬಾಗಿದೆ. ಬಿಲ್ಲನ್ನು ನೆಲದ ಮೇಲೆ ಹೇಗೆ ಇಟ್ಟರೂ ಒಂದು ಬದಿಗೆ ಎರಡು ಕೊನೆ ತಾಗುತ್ತವೆ, ಮಗುಚಿದರೆ ಹೊಟ್ಟೆ ತಾಗುತ್ತದೆ.

ಒಂದು ಬದಿಯಲ್ಲಿ ಹಿಮ್ಮಡಿಯಲ್ಲೂ ಇನ್ನೊಂದು ಬದಿಯಲ್ಲಿ ತುದಿಯಲ್ಲೂ ಉಳಿದರೆ ಅಲಗು ಫ್ಯಾನಿನ ರೆಕ್ಕೆಯಂತೆ ತಿರುಚಿದೆ.

ಎರಡೂ ಬದಿಯಲ್ಲಿ ಹಿಮ್ಮಡಿಯ ಹತ್ತಿರವೇ ಉಳಿದು, ಭುಜದ ಮೇಲಿನ ಶಾಯಿ ಅಳಿಸಿದ್ದರೆ ಭುಜ ಕಲ್ಲಿನ ಮೇಲೆ ಹತ್ತಿ ಕೂತಿದೆ.

ಆಮೇಲೆ ಕ್ಯಾಲಿಪರ್‌ನಿಂದ ಹಿಮ್ಮಡಿ, ನಡು, ತುದಿ ಮೂರು ಕಡೆ ಬೆನ್ನಿನ ದಪ್ಪವನ್ನೂ ಅಲಗಿನ ಅಗಲವನ್ನೂ ಅಳೆದು ಬರೆದುಕೊಳ್ಳಿ. ದಪ್ಪವನ್ನು ಅಗಲದಿಂದ ಭಾಗಿಸಿ. 5ನ್ನು 16ರಿಂದ ಭಾಗಿಸಿದರೆ 0.31. ಮೂರು ಕಡೆಯೂ ಇದರ ಆಸುಪಾಸಿನಲ್ಲಿದ್ದರೆ ಬೆನ್ನಿನ ಚಿಂತೆ ಬೇಡ. ತುದಿಯಲ್ಲಿ 0.26ಕ್ಕೆ ಇಳಿದಿದ್ದರೆ ಅಲ್ಲಿ ಕೋನ 15 ಡಿಗ್ರಿ ಅಂತ ಅರ್ಥ. ಅದನ್ನು ಹೇಗೆ ನೋಡಿಕೊಳ್ಳುವುದು ಅಂತ ಮುಂದೆ ಹೇಳುತ್ತೇನೆ.

ಮುಟ್ಟಬಾರದ ಕತ್ತಿಗಳು

ಭೂತಕನ್ನಡಿಯಲ್ಲಿ ಅಂಚನ್ನು ಪೂರ್ತಿ ಉದ್ದಕ್ಕೂ ನೋಡಿ. ಅಂಚಿನಿಂದ ಬೆನ್ನಿನ ಕಡೆಗೆ ಹೋಗುವ ಕೂದಲೆಳೆಯಂಥ ಗೆರೆ ಕಂಡರೆ ಅದು ಬಿರುಕು. ಬಿರುಕಿಗೆ ಮದ್ದಿಲ್ಲ. ಮುಖಕ್ಕೆ ಹಿಡಿದಾಗ ಚೂರು ಮುರಿದು ಬಂದರೆ ಕಷ್ಟ. ಅಂಥ ಕತ್ತಿಯನ್ನು ನೆನಪಿಗೆ ಇಟ್ಟುಕೊಳ್ಳಿ, ಅಷ್ಟೇ.

ಅಂಚಿನ ಹತ್ತಿರ ತುಕ್ಕು ಆಳವಾದ ಗುಂಡಿಗಳನ್ನು ತೋಡಿದ್ದರೂ ಅದೇ ಮಾತು. ಮಸೆದಷ್ಟೂ ಹೊಸ ಗುಂಡಿ ತೆರೆದುಕೊಳ್ಳುತ್ತದೆ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್‌ನದ್ದಾಗಿದ್ದರೆ ಅದನ್ನೂ ಮೂಸಿ ನೋಡಿ. ಹಳೆಯ ಸೆಲ್ಯುಲಾಯ್ಡ್ ಕೊಳೆಯುವಾಗ ಆಮ್ಲದ ಹೊಗೆ ಬಿಡುತ್ತದೆ. ಅಲಗು ಅದರೊಳಗೇ ಮಡಚಿ ಕೂತಿರುವುದರಿಂದ ತುಕ್ಕು ಒಳಗಿನಿಂದಲೇ ಬರುತ್ತಿರುತ್ತದೆ. ಹಿಡಿ ಬದಲಿಸದೆ ಅಲಗು ಸರಿಮಾಡಿ ಫಲವಿಲ್ಲ.

ಕರೆಂಟಿನ ಸಾಣೆಚಕ್ರಕ್ಕೆ ಹಿಡಿಯುವ ಆಸೆ ಬೇಡ. ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಉಕ್ಕಿನ ಮೇಲೆ ನೀಲಿ ಬಣ್ಣ ಕಂಡರೆ ಶಾಖ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ. ಅಲ್ಲಿ ಉಕ್ಕು ಮೆತ್ತಗಾಗಿದೆ. ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಕಲ್ಲು ಮೊದಲು, ಕತ್ತಿ ಆಮೇಲೆ

ಸೊಟ್ಟ ಕಲ್ಲಿನಿಂದ ನೇರ ಅಂಚು ಬರುವುದಿಲ್ಲ. ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಚೌಕುಳಿ ಮಾಡಿ. ದಪ್ಪ ಗಾಜಿನ ಮೇಲೆ ನೀರು ಹಾಕಿ ಅಂಟಿಸಿದ ಒರಟು ಮರಳು ಕಾಗದದ ಮೇಲೋ ವಜ್ರದ ಪುಡಿ ಕೂರಿಸಿದ ತಗಡಿನ ಮೇಲೋ ಕಲ್ಲನ್ನು ಉಜ್ಜಿ. ಎಲ್ಲಾ ಗೆರೆಗಳೂ ಅಳಿಸಿದಾಗ ಕಲ್ಲು ಸಮ. ನಡುವಿನ ಗೆರೆಗಳು ಉಳಿದರೆ ಅಲ್ಲಿ ತಗ್ಗು. ಮರಳು ಕಾಗದ ನೀರಲ್ಲಿ ನೆನೆದರೂ ಹರಿಯದ ಬಗೆಯದ್ದಾಗಿರಲಿ.

ನೀರಿನಲ್ಲಿ ಬಳಸುವ ಮೆತ್ತನೆ ಕಲ್ಲುಗಳು ಬೇಗ ತಗ್ಗಾಗುತ್ತವೆ. ಜಾಸ್ತಿ ಉಕ್ಕು ತೆಗೆಯುವ ಕೆಲಸದಲ್ಲಿ ನಡುನಡುವೆಯೂ ಒಮ್ಮೆ ಸಮ ಮಾಡಬೇಕಾಗುತ್ತದೆ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಕೆಡುವುದು ಕತ್ತಿಯೇ.

ಗಂಟುಮೋರೆಯನ್ನು ನೇರ ಮಾಡುವುದು

ನಡುವೆ ಅರ್ಧ ಮಿಲಿಮೀಟರ್ ತಗ್ಗಿದೆ ಅನ್ನಿ. ನೋಡಲು ಏನೂ ಅಲ್ಲ. ಆದರೆ ಅಲಗನ್ನು ಕಲ್ಲಿನ ಮೇಲೆ ಮಲಗಿಸಿದಾಗ ನಡುವಿನ ಅಂಚು ಕಲ್ಲಿನಿಂದ ಸುಮಾರು 0.08 ಮಿ.ಮೀ. ಮೇಲೆ ತೇಲುತ್ತಿರುತ್ತದೆ. ಒಂದು ಕೂದಲಿನ ದಪ್ಪ. ಆ ಕೂದಲಿನಷ್ಟು ಅಂತರ ಇರುವವರೆಗೂ ನಡುವಿಗೆ ಹರಿತ ಬರುವುದಿಲ್ಲ. ಬೆರಳಿನಿಂದ ಒತ್ತಿದರೆ ತೆಳು ಅಲಗು ಬಾಗಿ ತಾಗಬಹುದು. ಆಗ ಒಂಚೂರು ಹರಿತವೂ ಬರಬಹುದು, ಆದರೆ ತಗ್ಗು ಇನ್ನೂ ಆಳವಾಗುತ್ತದೆ.

ದಾರಿ ಎರಡಿವೆ. ತಗ್ಗು ಕಡಿಮೆ ಇದ್ದರೆ ಸುಮ್ನೆ ಸಮತಟ್ಟಾದ 1000 ಗ್ರಿಟ್ (ಕಲ್ಲು ಎಷ್ಟು ನುಣುಪು ಎಂಬುದರ ಅಳತೆ) ಕಲ್ಲಿನ ಮೇಲೆ ಮಾಮೂಲಿಯಂತೆ ಮಸೆಯುತ್ತ ಹೋಗುವುದು. ತುದಿ ಮತ್ತು ಹಿಮ್ಮಡಿ ಸವೆದು ಸವೆದು ಕೊನೆಗೆ ನಡುವಿನ ಮಟ್ಟಕ್ಕೆ ಬರುತ್ತವೆ. ನಿಧಾನ, ಆದರೆ ಅಪಾಯ ಕಡಿಮೆ. ನನ್ನ ಮಟ್ಟಿಗೆ ಕಾಲು ಮಿಲಿಮೀಟರ್ ಒಳಗಿನ ತಗ್ಗಿಗೆ ಬೇರೇನೂ ಬೇಡ.

ತಗ್ಗು ಜಾಸ್ತಿ ಇದ್ದರೆ ಅಲಗನ್ನು ನೆಟ್ಟಗೆ ನಿಲ್ಲಿಸಿ, ಅಂಚನ್ನೇ ಕಲ್ಲಿಗೆ ತಾಗಿಸಿ, ಬ್ರೆಡ್ ಕತ್ತರಿಸುವಂತೆ ಉದ್ದಕ್ಕೆ ಎಳೆಯುತ್ತಾರೆ. ನೋಡಲು ಎದೆ ಝಲ್ಲೆನ್ನುತ್ತದೆ. ಅಂಚು ಪೂರ್ತಿ ಸಾಯುತ್ತದೆ, ಬೆಳಕಿಗೆ ಹಿಡಿದರೆ ಚಪ್ಪಟೆ ಗೆರೆಯಾಗಿ ಹೊಳೆಯುತ್ತದೆ. ಅದೇ ಬೇಕಾದ್ದು. ಎರಡು ಮೂರು ಸಲ ಎಳೆದು, ಉಕ್ಕಿನ ಅಡಿಪಟ್ಟಿಯನ್ನು ಅಂಚಿಗೆ ತಾಗಿಸಿ, ಹಿಂದೆ ಬೆಳಕಿಟ್ಟು ನೋಡಿ. ನಡುವೆ ಬೆಳಕು ತೂರುವುದು ನಿಂತ ಕೂಡಲೇ ನಿಲ್ಲಿಸಿ.

ಅರ್ಧ ಮಿಲಿಮೀಟರ್ ಹೋದರೆ ಕೋನ 18ರಿಂದ ಹದಿನೆಂಟೂವರೆಗೆ ಏರುತ್ತದೆ, ಗೊತ್ತೇ ಆಗುವುದಿಲ್ಲ. ಎರಡು ಮಿಲಿಮೀಟರ್ ತೆಗೆದರೆ 20 ದಾಟುತ್ತದೆ. ಈ ಕೆಲಸಕ್ಕೆ ಒಂದು ಮಿತಿ ಇದೆ ಅನ್ನುವುದು ಇದಕ್ಕೇ. ನೆಟ್ಟಗೆ ಎಳೆದ ಮೇಲೆ ಬೆವೆಲ್ ಅನ್ನು ಹೊಸದಾಗಿ ಕೂರಿಸಬೇಕು. ಅದಕ್ಕೆ ಮತ್ತೆ ಒಂದೆರಡು ಗಂಟೆ ಹಿಡಿಯಬಹುದು.

ಹಿಮ್ಮಡಿಯ ಕೊಕ್ಕೆ

ಭುಜ ತಾಗುತ್ತದೆ ಅಂತ ಹೆದರಿ ಹಲವರು ಹಿಮ್ಮಡಿಯನ್ನು ಕಲ್ಲಿನ ಹೊರಗೇ ಬಿಟ್ಟು ಮಸೆಯುತ್ತಾರೆ. ವರ್ಷಗಳು ಕಳೆದಂತೆ ಅಂಚು ಒಳಸರಿಯುತ್ತದೆ, ಹಿಮ್ಮಡಿಯ ಮೂಲೆ ಮಾತ್ರ ಹಕ್ಕಿಯ ಕೊಕ್ಕಿನಂತೆ ಹೊರಗೆ ಉಳಿಯುತ್ತದೆ. ಈ ಕೊಕ್ಕೆ ಕಲ್ಲಿನ ಮೇಲೆ ಹತ್ತಿದರೆ ಇಡೀ ಅಲಗನ್ನು ಎತ್ತುತ್ತದೆ. ಮುಖದ ಮೇಲೆ ಹತ್ತಿದರೆ ಕೊಯ್ಯುತ್ತದೆ.

ಕೊಕ್ಕೆ ತೆಗೆಯುವುದು ಮಿಕ್ಕ ಕೆಲಸಗಳಿಗಿಂತ ಸುಲಭ. ಉಳಿದ ಅಂಚಿಗೆ ದಪ್ಪ ಟೇಪ್ ಸುತ್ತಿ. ಬೆನ್ನು ಮೇಲೆ ಮಾಡಿ, ಹಿಮ್ಮಡಿಯ ಮೂಲೆಯನ್ನು ವಜ್ರದ ತಗಡಿನ ಮೇಲೆ ಇಟ್ಟು, ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ಹೊರಳಿಸುತ್ತ ಅರೆಯಿರಿ. ಮೊನಚು ಮೂಲೆ ದುಂಡಗಾಗುತ್ತದೆ. ಹಿಮ್ಮಡಿ ಮೂರು ನಾಲ್ಕು ಮಿಲಿಮೀಟರ್ ತುದಿಯ ಕಡೆ ಸರಿಯುತ್ತದೆ. ಅಂಚಿನ ಉದ್ದದಲ್ಲಿ ಅಷ್ಟು ಹೋಯಿತು. ಬದಲಿಗೆ ಭುಜ ಕಲ್ಲಿನಿಂದ ದೂರವಾಯಿತು, ಅಲಗು ಪೂರ್ತಿ ಕೂರುತ್ತದೆ. ಮತ್ತೆ ಶಾಯಿ ಹಚ್ಚಿ ನೋಡಿ. ಭುಜದ ಮೇಲಿನ ಶಾಯಿ ಉಳಿಯಬೇಕು, ಹಿಮ್ಮಡಿಯದು ಅಳಿಯಬೇಕು.

ಭುಜವನ್ನೇ ಅರೆದು ತೆಳು ಮಾಡುವವರೂ ಇದ್ದಾರೆ. ಕತ್ತಿಯ ಅಂದ ಅಲ್ಲಿಗೆ ಮುಗಿಯಿತು. ಕಂಪನಿಯ ಮುದ್ರೆಯೂ ಆಸುಪಾಸಿನಲ್ಲೇ ಇರುತ್ತದೆ. ಹಳೆಯ ಕತ್ತಿಯ ಕಾಲ ತಿಳಿಯಲು ಮುದ್ರೆ ಬೇಕು. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ 1890ರ ಕಾಯ್ದೆ ಬಂತು. ಹಾಗಾಗಿ ‘ಜರ್ಮನಿ’ ಅಥವಾ ‘ಇಂಗ್ಲೆಂಡ್’ ಎಂಬ ಅಚ್ಚು ಇದ್ದರೆ ಕತ್ತಿ ಬಹುತೇಕ ಅದರ ನಂತರದ್ದು. ಈ ಸುಳಿವನ್ನು ಅಳಿಸಿಕೊಳ್ಳುವುದು ಯಾಕೆ?

ಬಾಗಿದ, ತಿರುಚಿದ ಅಲಗು

ಇದನ್ನು ನೇರ ಮಾಡಲು ಹೋಗಬೇಡಿ. ಕ್ಷೌರದ ಕತ್ತಿಯ ಉಕ್ಕು ಬಹಳ ಗಡುಸು. ಕೈಯಲ್ಲಿ ಬಗ್ಗಿಸಿದರೆ ಬಗ್ಗುವುದಿಲ್ಲ, ಗಾಜಿನಂತೆ ಮುರಿಯುತ್ತದೆ.

ಅಲಗು ಕಲ್ಲಿಗೆ ಹೊಂದದಿದ್ದರೆ ಕಲ್ಲನ್ನೇ ಅಲಗಿಗೆ ಹೊಂದಿಸಬೇಕು. ಅಗಲವಾದ ಕಲ್ಲಿನ ಬದಲು ಎರಡು ಎರಡೂವರೆ ಸೆಂಟಿಮೀಟರ್ ಅಗಲದ ಕಿರಿದಾದ ಕಲ್ಲು ತೆಗೆದುಕೊಳ್ಳಿ. ಕೆಲವರು ದೊಡ್ಡ ಕಲ್ಲಿನ ಬದಿಯನ್ನೇ ಬಳಸುತ್ತಾರೆ. ಏರಿಳಿತದ ನೆಲವನ್ನು ಉದ್ದ ಹಲಗೆಯಿಂದ ಒರೆಸಿದರೆ ತಗ್ಗುಗಳು ಉಳಿಯುತ್ತವೆ, ಸಣ್ಣ ಬಟ್ಟೆಯಿಂದ ಒರೆಸಿದರೆ ಎಲ್ಲಾ ಕಡೆ ತಲುಪುತ್ತದೆ. ಇಲ್ಲೂ ಅಷ್ಟೇ. ಹಿಮ್ಮಡಿಯಿಂದ ಶುರುಮಾಡಿ, ಕಲ್ಲಿನ ಮೇಲೆ ಓರೆಯಾಗಿ ಎಳೆಯುತ್ತ ತುದಿಗೆ ಬರಬೇಕು. ಮಗುಚಿ ಇನ್ನೊಂದು ಬದಿಗೂ ಹಾಗೇ. ಎರಡು ಓರೆ ಗೆರೆಗಳು ಸೇರಿ ಗುಣಾಕಾರ ಚಿಹ್ನೆಯಂತಾಗುತ್ತವೆ. ಇದನ್ನು ಎಕ್ಸ್ ಸ್ಟ್ರೋಕ್ ಎನ್ನುತ್ತಾರೆ.

ಇಂಥ ಕತ್ತಿಯ ಬೆವೆಲ್ ಯಾವತ್ತೂ ಸಮನಾಗಿ ಕಾಣುವುದಿಲ್ಲ. ಒಂದು ಬದಿ ನಡುವೆ ಅಗಲ, ಇನ್ನೊಂದು ಬದಿ ಕೊನೆಗಳಲ್ಲಿ ಅಗಲ. ಕ್ಷೌರಕ್ಕೆ ಮಾತ್ರ ಏನೂ ಕಡಿಮೆಯಿಲ್ಲ.

ಬೆನ್ನು ಸವೆದಿದ್ದರೆ ಟೇಪ್

ಸವೆದ ಬೆನ್ನಿಗೆ ಉಕ್ಕು ಸೇರಿಸಲಾಗದು. ಆದರೆ ದಪ್ಪ ಸೇರಿಸಬಹುದು. ವಿದ್ಯುತ್ ತಂತಿಗೆ ಸುತ್ತುವ ಇನ್ಸುಲೇಶನ್ ಟೇಪನ್ನು ಬೆನ್ನಿನ ಉದ್ದಕ್ಕೂ ಒಂದು ಪದರ ಅಂಟಿಸಿ. 0.18 ಮಿ.ಮೀ. ದಪ್ಪದ ಟೇಪ್ ಎರಡೂ ಬದಿಗೆ ಬಂದರೆ ಕೋನ ಸುಮಾರು ಒಂದೂಕಾಲು ಡಿಗ್ರಿ ಏರುತ್ತದೆ. 15 ಡಿಗ್ರಿಗೆ ಇಳಿದ ತುದಿ 16 ದಾಟುತ್ತದೆ, ಕೆಲಸಕ್ಕೆ ಸಾಕು.

ಸವೆದ ತುದಿಗೆ ಮಾತ್ರ ಟೇಪ್ ಹಚ್ಚೋಣ ಅನಿಸಬಹುದು. ಟೇಪ್ ಮುಗಿಯುವ ಕಡೆ ಮೆಟ್ಟಿಲಾಗಿ, ಅಲಗು ಅದರ ಮೇಲೆ ಹತ್ತಿ ಇಳಿಯುತ್ತದೆ. ಪೂರ್ತಿ ಉದ್ದಕ್ಕೆ ಹಚ್ಚುವುದೇ ನೇರ ದಾರಿ.

ಟೇಪಿನ ಇನ್ನೊಂದು ಉಪಯೋಗ ರಕ್ಷಣೆ. ಒರಟು ಕಲ್ಲಿನ ಮೇಲೆ ಜಾಸ್ತಿ ಹೊತ್ತು ಕೆಲಸ ಮಾಡುವಾಗ ಬೆನ್ನು ಸುಮ್ಮನೆ ಸವೆಯದಂತೆ ಅದು ತಡೆಯುತ್ತದೆ. ಟೇಪೇ ಹರಿಯುತ್ತದೆ, ಆಗಾಗ ಬದಲಿಸಿ. ಒಂದು ಎಚ್ಚರಿಕೆ: ಟೇಪ್ ಹಚ್ಚಿ ಬೆವೆಲ್ ಕೂರಿಸಿದ ಮೇಲೆ ಮುಂದಿನ ಕಲ್ಲುಗಳಲ್ಲೂ, ಮುಂದಿನ ವರ್ಷ ಮಸೆಯುವಾಗಲೂ ಟೇಪ್ ಬೇಕು. ಇಲ್ಲದಿದ್ದರೆ ಕಲ್ಲು ಬೆವೆಲ್‌ನ ಹಿಂಭಾಗಕ್ಕೆ ತಾಗುತ್ತದೆ, ಅಂಚಿಗೆ ತಾಗುವುದೇ ಇಲ್ಲ. ಕತ್ತಿಯ ಪೆಟ್ಟಿಗೆಯಲ್ಲಿ ಒಂದು ಚೀಟಿ ಬರೆದಿಡಿ. ನಾನು ಮರೆತು ಒಂದು ಸಂಜೆ ಪೂರ್ತಿ ಕಳೆದುಕೊಂಡಿದ್ದೇನೆ.

ಬೆವೆಲ್ ಕೂಡಿತು ಅಂತ ತಿಳಿಯುವುದು ಹೇಗೆ?

ಸರಿಮಾಡುವ ಕೆಲಸವೆಲ್ಲ 1000 ಗ್ರಿಟ್ ಅಥವಾ ಅದಕ್ಕಿಂತ ಒರಟು ಕಲ್ಲಿನಲ್ಲೇ ಮುಗಿಯಬೇಕು. ಗ್ರಿಟ್ ಎಂದರೆ ಕಲ್ಲಿನ ಕಣಗಳ ಸಣ್ಣತನದ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ನುಣುಪು. 1000 ಗ್ರಿಟ್‌ನ ಕಣ 15 ಮೈಕ್ರಾನ್ ಆಚೀಚೆ, 8000ಕ್ಕೆ ಬಂದರೆ ಒಂದರಿಂದ ಮೂರು ಮೈಕ್ರಾನ್. ನುಣುಪು ಕಲ್ಲು ಒರಟು ಗೀರುಗಳನ್ನು ಉಜ್ಜಿ ಸಣ್ಣ ಮಾಡುತ್ತದೆ, ಆಕಾರ ಬದಲಿಸುವುದಿಲ್ಲ. 1000ದಲ್ಲಿ ಉಳಿದ ತಪ್ಪು ಕೊನೆಯವರೆಗೂ ಉಳಿಯುತ್ತದೆ.

ಒಂದು ಬದಿಗೆ ಹತ್ತು ಸಲ, ಇನ್ನೊಂದು ಬದಿಗೆ ಹತ್ತು ಸಲ ಎಂದು ಲೆಕ್ಕ ಇಟ್ಟು ಮಸೆಯಿರಿ. ಕೈಭಾರ ಕಡಿಮೆ ಇರಲಿ. ನಡುನಡುವೆ ಅಂಚನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಎಲ್ಲಾದರೂ ಬಿಳಿ ಚುಕ್ಕೆಯಂತೆ ಮಿನುಗಿದರೆ ಅಲ್ಲಿ ಬೆವೆಲ್‌ಗಳು ಕೂಡಿಲ್ಲ. ಕೂಡಿದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ, ಕಪ್ಪು ಗೆರೆಯಾಗಿ ಮಾಯವಾಗುತ್ತದೆ. ಆಮೇಲೆ ಮುಂಗೈ ಕೂದಲಿನ ಮೇಲೆ ಹಿಮ್ಮಡಿ, ನಡು, ತುದಿ ಮೂರನ್ನೂ ಬೇರೆಬೇರೆಯಾಗಿ ನೋಡಿ. ಮೂರೂ ಒಂದೇ ತರ ಕತ್ತರಿಸಬೇಕು.

ಅಲ್ಲಿಂದ ಮುಂದೆ ಹಾದಿ ಸಲೀಸು. 3000 ಅಥವಾ 5000, ಆಮೇಲೆ 8000, ಬೇಕಾದರೆ 12000. ಕೊನೆಯ ಕಲ್ಲಾಗಿ ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಕೋಟಿಕ್ಯೂಲ್ ಕಲ್ಲನ್ನು ಮೆಚ್ಚುವವರು ಬಹಳ. ಹಳದಿ ಬಣ್ಣದ ಆ ಕಲ್ಲಿನಲ್ಲಿ ಸಣ್ಣ ಸಣ್ಣ ಗಾರ್ನೆಟ್ ಹರಳುಗಳಿರುತ್ತವೆ, ಮಸೆಯುವ ಕೆಲಸ ಅವುಗಳದ್ದೇ. ಕೊನೆಗೆ ಚರ್ಮದ ಪಟ್ಟಿ. ಪಟ್ಟಿಯ ಮೇಲೆ ಯಾವಾಗಲೂ ಬೆನ್ನು ಮುಂದೆ, ಅಂಚು ಹಿಂದೆ. ತಿರುಗಿಸುವಾಗಲೂ ಬೆನ್ನಿನ ಮೇಲೇ ಹೊರಳಿಸಬೇಕು. ಪಟ್ಟಿ ಅಂಚನ್ನು ನೇವರಿಸುತ್ತದೆ ಅಷ್ಟೇ, ಸೊಟ್ಟಗಿನ ಸವೆತವನ್ನು ತಿದ್ದುವ ಶಕ್ತಿ ಅದಕ್ಕಿಲ್ಲ.

ಮೊದಲ ಕ್ಷೌರಕ್ಕೆ ಕೆನ್ನೆಯ ಸಮತಟ್ಟು ಜಾಗ ಆರಿಸಿಕೊಳ್ಳಿ. ಕತ್ತಿಯ ಮೂರೂ ಭಾಗವನ್ನು ಅಲ್ಲೇ ಒಂದೊಂದಾಗಿ ಬಳಸಿ. ಪೂರ್ತಿ ಉದ್ದಕ್ಕೂ ಸ್ವಲ್ಪ ಒರಟು ಅನಿಸಿದರೆ ಕೊನೆಯ ಕಲ್ಲಿಗೆ ಮರಳಿ, ಹತ್ತಿಪ್ಪತ್ತು ಸಲ ಎಳೆದರೆ ಸಾಕು. ಒಂದು ಭಾಗ ಮಾತ್ರ ಎಳೆಯುತ್ತಿದ್ದರೆ ಮಾರ್ಕರ್ ಪೆನ್ ತೆಗೆದು ಆ ಭಾಗಕ್ಕೆ ಮತ್ತೆ ಶಾಯಿ ಬಳಿಯಿರಿ.